ಅತ್ತೆಯವರ ಜೆರೇನಿಯಂಗೆ ಸೊಸೆಯ ವಿನಮ್ರ ದೂರು

ಶ್ರೀಮತಿ ಆಲ್ವೀನಾ ಜೆರೇನಿಯಂ ಅವರ ಸಮ್ಮುಖಕ್ಕೆ,
ಹಿಂದಿನ ಬಿಡಾರ: ಕಿಟಕಿ ಪಕ್ಕದ ದೊಡ್ಡ ಕುಂಡ.
ಈಗಿನ ಬಿಡಾರ: ಹಿಡಿ ಮುರಿದ ಚಹಾ ಬಟ್ಟಲು, ಗಾಜಿನ ವರಾಂಡ, ಹಾಸ್ಕಿನ್ ಮನೆ, ಕೂಮಾ.

ಮಾನ್ಯರೇ,

ತಾವು ಕ್ಷೇಮವೇ ಎಂದು ನೇರವಾಗಿ ಕೇಳಲು ಧೈರ್ಯ ಸಾಲದು, ಆದ್ದರಿಂದ ನೆರೆಹೊರೆಯವರಿಂದ ಶುರು ಮಾಡುತ್ತೇನೆ. ತಮ್ಮ ಎಡಗಡೆಯ ಬಿಗೋನಿಯಾ ಡಾಟ್ ಹೇಗಿದ್ದಾಳೆ? ಬಲಗಡೆ ಮುಳ್ಳು ನಿಗುರಿಸಿಕೊಂಡು ಕೂತಿರುವ ಕಳ್ಳಿ, ನಾವೆಲ್ಲ ಪಾದ್ರಿಗಳೆಂದೇ ಕರೆಯುವವರು, ಸೌಖ್ಯವೇ? ಇತ್ತ ನನ್ನ ಯಜಮಾನ ಮರ್ವ್‌ನ ಮೊಣಕಾಲು ಚಳಿಯ ಸುದ್ದಿಯನ್ನು ರೇಡಿಯೋಗಿಂತ ಮೊದಲೇ ಕೊಡುತ್ತಿದೆ. ಅವನ ತಂಗಿ ನೋಲೀನ್‌ಳ ಆರೋಗ್ಯ ಎಷ್ಟು ಗಟ್ಟಿಯೆಂದರೆ ಯಾವ ಹಿಮ ಬಿದ್ದರೂ ನಮ್ಮ ಮನೆಗೆ ಬರುವುದನ್ನು ತಪ್ಪಿಸಿಲ್ಲ. ಎದುರುಮನೆಯ ಮಿಸೆಸ್ ಬಿಲಿಚ್ ಅವರ ಸೊಂಟ ಪರವಾಗಿಲ್ಲ, ಧ್ವನಿಯಂತೂ ಬೀದಿಯ ಕೊನೆಯವರೆಗೂ ಕ್ಷೇಮ. ನನ್ನ ವಿಷಯ ಕೇಳಿದರೆ, ತಮ್ಮ ಚಿಂತೆಯೊಂದು ಬಿಟ್ಟು ಮಿಕ್ಕೆಲ್ಲ ಆರಾಮ.

ಇದನ್ನು ಬಹಿರಂಗ ಪತ್ರವಾಗಿಯೇ ಬರೆದು ವರಾಂಡದ ಬಾಗಿಲ ಒಳಬದಿಗೆ ಅಂಟಿಸುತ್ತಿದ್ದೇನೆ. ನಾನು ಚಹಾ ಮಾಡಲು ಒಳಗೆ ಹೋದ ಹೊತ್ತಿನಲ್ಲಿ ಬಂದ ಅತಿಥಿಗಳ ಕಣ್ಣಿಗೂ ಕೈಗೂ ಏನಾದರೊಂದು ಉದ್ಯೋಗ ಬೇಕಲ್ಲ, ಓದಲಿ.

ತಾವು ಈ ಮನೆಗೆ ನನಗಿಂತ ಮೊದಲು ಬಂದವರು. ಅತ್ತೆ ಆಲ್ವೀನಾ ಅವರು ತಮ್ಮನ್ನು ಯಾರ ಬೇಲಿಯಿಂದ ತಂದರೋ ಅವರಿಗೇ ಗೊತ್ತು. ದ್ರಾಕ್ಷಾರಸದ ಬಣ್ಣ, ನಡುವೆ ಇಟ್ಟಿಗೆ ಗೂಡಿನ ಮಸಿಯಂಥ ಕಪ್ಪು, ಇಂಥ ಹೂವನ್ನು ಯಾವ ಸಸಿ ಅಂಗಡಿಯವನೂ ಇದುವರೆಗೆ ಕಂಡಿಲ್ಲ, ಹೆಸರೂ ಇಟ್ಟಿಲ್ಲ. ಹಾಗಾಗಿ ಅತ್ತೆಯವರ ಹೆಸರೇ ತಮಗೂ ಉಳಿಯಿತು. ಅವರು ಕೈಲಾಗದೆ ತಮ್ಮನ್ನು ನನ್ನ ಮಡಿಲಿಗೆ ಹಾಕಿದ ದಿನ ಹೇಳಿದ್ದು ಒಂದೇ ಮಾತು: "ನನ್ನ ಮಗನ್ನ ಬೇಕಾದ್ರೆ ಹಾಳು ಮಾಡು ಡೆಲ್ಮಾ, ಈ ಗಿಡ ಮಾತ್ರ ಹಾಳಾಗ್ಬಾರದು." ಅವರ ಮಗನನ್ನು ನಾನು ಒಂದು ಮಟ್ಟಕ್ಕೆ ಹಾಳು ಮಾಡಿದ್ದೇನೆ. ಗಿಡದ ವಿಷಯದಲ್ಲಿ ಮಾತು ಉಳಿಸಿಕೊಳ್ಳಲು ಹೊರಟದ್ದೇ ಈ ಎಲ್ಲ ರಾಮಾಯಣಕ್ಕೆ ಕಾರಣ.

ಸೇವೆಯಲ್ಲಿ ನನ್ನಿಂದೇನಾದರೂ ಲೋಪವಾಗಿದೆಯೇ? ಭೂಮಿಯ ಈ ದಕ್ಷಿಣ ತುದಿಗೆ ಚಳಿ ಹೊತ್ತು ತರುವ ಮೇ ತಿಂಗಳ ಮೊದಲ ಹಿಮಕ್ಕೆ ಮುಂಚೆಯೇ ತಮ್ಮನ್ನು ಒಳತಂದು ಉತ್ತರದ ಬಿಸಿಲಿಗೆ ಕೂರಿಸಿದ್ದೇನೆ. ಒಂದೇ ಕಡೆ ವಾಲಬಾರದೆಂದು ವಾರವಾರ ಕುಂಡ ತಿರುಗಿಸಿದ್ದೇನೆ. ಮೋಡದ ದಿನಗಳಿಗೆಂದು ತಮ್ಮ ತಲೆಯ ಮೇಲೆ ಟ್ಯೂಬ್‌ಲೈಟು ಹಾಕಿಸಿದ್ದೇನೆ, ನಮ್ಮ ಊಟದ ಮೇಜಿನ ಮೇಲಿರುವುದು ಒಂದು ಮಿಣಮಿಣ ಬಲ್ಬು. ಮಣ್ಣಿಗೆ ಬೆರಳಿಟ್ಟು, ಒಣಗಿದೆಯೆಂದು ಖಾತ್ರಿಯಾದ ಮೇಲಷ್ಟೇ ಉಗುರುಬೆಚ್ಚಗಿನ ನೀರು. ವಸಂತ ಕಾಲಿಟ್ಟೊಡನೆ ಕುಂಡದಿಂದ ಎತ್ತಿ, ಮುದಿ ಬೇರುಗಳನ್ನು ಕತ್ತರಿಸಿ, ಹೊಸ ಮಣ್ಣಿನಲ್ಲಿ ಮತ್ತೆ ಪಟ್ಟಾಭಿಷೇಕ. ಮೊಗ್ಗು ಕಂಡಲ್ಲೆಲ್ಲ ಚಿವುಟುತ್ತೇನೆಂದು ತಮಗೆ ನನ್ನ ಮೇಲೆ ಸಿಟ್ಟಿರುವುದು ಗೊತ್ತು. ಆದರೆ ತಾಯಿಗಿಡದ ಧರ್ಮ ಕುಡಿ ಕೊಡುವುದು. ಹೂವಿಗೆ ಹೋದ ಜೀವ ಕುಡಿಗೆ ಬರುವುದಿಲ್ಲ, ಹೂ ಹೊತ್ತ ಕಡ್ಡಿ ಬೇರು ಬಿಡಲು ಹಟ ಮಾಡುತ್ತದೆ. ಇಷ್ಟೆಲ್ಲ ಉಪಚಾರ ನೋಡಿ ಮರ್ವ್ ಒಂದು ದಿನ, "ನನ್ನನ್ನೂ ವಾರಕ್ಕೊಂದ್ಸಲ ಬಿಸಿಲಿಗೆ ತಿರುಗಿಸೇ ಮಾರಾಯ್ತಿ" ಅಂದ. "ತಿರುಗಿಸ್ತಿದ್ದೆ, ಆದರೆ ನಿನ್ನ ಕಡ್ಡಿ ನೆಟ್ಟು ಇನ್ನೊಬ್ಬನ್ನ ಬೆಳೆಸೋ ಶಕ್ತಿ ನನಗಿಲ್ಲ" ಅಂದೆ.

ಇನ್ನು ದೂರಿಗೆ ಬರುತ್ತೇನೆ. ನಮ್ಮ ಕಡೆಯ ಪದ್ಧತಿ ತಮಗೆ ತಿಳಿಯದ್ದಲ್ಲ. ಇಲ್ಲಿ ಕಡ್ಡಿಯನ್ನು ಬಾಯಿಬಿಟ್ಟು ಕೇಳುವಂತಿಲ್ಲ, ಕೊಟ್ಟರೆ ಥ್ಯಾಂಕ್ಸ್ ಅನ್ನುವಂತಿಲ್ಲ; ಕೇಳಿದ ಕಡ್ಡಿ ಕೊಳೆಯುತ್ತದೆ, ಥ್ಯಾಂಕ್ಸ್ ಅಂದ ಕಡ್ಡಿ ಒಣಗುತ್ತದೆ, ಕದ್ದದ್ದು ಮಾತ್ರ ಚಿಗುರುತ್ತದೆ ಎಂದು ನಮ್ಮ ಅಜ್ಜಿಯರು ಹೇಳಿಹೋಗಿದ್ದಾರೆ. ಆದ್ದರಿಂದ ಮರ್ಯಾದಸ್ಥ ಅತಿಥಿಯಾದವಳು ಗಿಡವನ್ನು ಹೊಗಳಿ ಸುಮ್ಮನಾಗಬೇಕು, ಮರ್ಯಾದಸ್ಥ ಮನೆಯಾಕೆ ಆ ಕೂಡಲೇ ಚಹಾಕ್ಕೆ ನೀರಿಡಲು ಎದ್ದುಹೋಗಿ, ನೀರು ಕುದ್ದು ಆರಿದ ಮೇಲೂ ಒಳಗೆ ಬಟ್ಟಲು ಸದ್ದು ಮಾಡುತ್ತಾ ನಿಂತು, ಹೊರಗೆ ಬರುವ ಮುನ್ನ ಒಮ್ಮೆ ಕೆಮ್ಮಬೇಕು. ಈ ಮನೆಯಲ್ಲಿ ನಾನು ಕೆಮ್ಮಿದಷ್ಟು ಯಾವ ಆಸ್ಪತ್ರೆಯಲ್ಲೂ ಯಾರೂ ಕೆಮ್ಮಿರಲಾರರು.

ನೋಲೀನ್ ಬಂದರೆ ಕೋಟಿನ ಗುಂಡಿ ಬಿಚ್ಚುವ ಮೊದಲೇ, "ಅಮ್ಮನ ಗಿಡ ಎಷ್ಟು ಚೆನ್ನಾಗಿದೆ ಡೆಲ್! ನನಗಂತೂ ಬೇಡಪ್ಪ, ಜಾಗನೇ ಇಲ್ಲ" ಅನ್ನುತ್ತಾಳೆ. "ಇರು, ನೀರಿಟ್ಟು ಬರ್ತೀನಿ" ಅನ್ನುತ್ತೇನೆ. "ಆತುರ ಏನಿಲ್ಲ, ನಿಧಾನವಾಗೇ ಬಾ" ಅನ್ನುತ್ತಾಳೆ. ನಿಧಾನವಾಗಿಯೇ ಬರುತ್ತೇನೆ. ಅಷ್ಟರಲ್ಲಿ ತಮ್ಮ ಒಂದು ತೋಳಿನ ತುದಿ ಇರುವುದಿಲ್ಲ, ಅವಳ ಕೈಚೀಲದ ಬಾಯಿಂದ ಒಂದು ಎಲೆ ಇಣುಕಿ ನನ್ನನ್ನೇ ನೋಡುತ್ತಿರುತ್ತದೆ. ನಾವಿಬ್ಬರೂ ಅದನ್ನು ಕಾಣದೆ ಹಣ್ಣಿನ ಕೇಕು ತಿನ್ನುತ್ತೇವೆ.

ಕದಿಯುವುದಕ್ಕೆ ನನ್ನ ಆಕ್ಷೇಪಣೆಯಿಲ್ಲ, ಅದು ಸಂಪ್ರದಾಯ. ಆಕ್ಷೇಪಣೆ ಇರುವುದು ಉಗುರಿಗೆ. ಕುದಿನೀರಲ್ಲಿ ಅದ್ದಿದ ಚೂರಿಯಿಂದ ಗೆಣ್ಣಿನ ಕೆಳಗೆ ಒಂದೇ ಸಲಕ್ಕೆ ಕತ್ತರಿಸಬೇಕಾದ್ದನ್ನು ನನ್ನ ಕೆಮ್ಮಿನ ಭಯಕ್ಕೆ ಎಳೆದು, ತಿರುಚಿ, ಸಿಪ್ಪೆ ಸಮೇತ ಹರಿದುಕೊಂಡು ಹೋದರೆ ಆ ಗಾಯ ಮಾಯುವುದೆಂತು? ಮೇಲಾಗಿ, ಕದ್ದವರು ಸಾಕುವ ಬಗೆ ಕೇಳುವಂತೆಯೂ ಇಲ್ಲವಲ್ಲ! ಹೋದ ವರ್ಷ ನೋಲೀನ್, "ನಮ್ಮ ಬೀದೀಲಿ ಯಾರೋ ಒಬ್ಬಳ ಹತ್ರ ಒಂದು ಕಡ್ಡಿ ಇದೆಯಂತೆ ಡೆಲ್, ಬುಡ ಕಪ್ಪಗಾಗ್ತಿದೆಯಂತೆ. ಅವಳಿಗೆ ಏನಂತ ಹೇಳ್ಲಿ?" ಎಂದು ಕೇಳಿದಳು.

"ಆ ಯಾರೋ ಒಬ್ಬಳು ದಿನಾ ನೀರು ಹಾಕ್ತಾಳಾ?"

"ಹಾಕ್ತಾಳೆ ಪಾಪ, ಎರಡ್ಹೊತ್ತೂ."

"ಹಾಕ್ಬೇಡ ಅಂತ ಹೇಳು."

"ಹೇಳೋ ಅಷ್ಟು ಪರಿಚಯ ಇಲ್ಲ ಕಣೆ" ಅಂದಳು.

ಹೀಗೆ ತಮ್ಮ ಸಂತಾನ ಊರ ತುಂಬ ಹರಡಿ, ಊರ ತುಂಬ ಸತ್ತು, ಸತ್ತವರ ಮನೆಯವರೇ ಮರುವರ್ಷ ಮತ್ತೆ ತಮ್ಮನ್ನು ಹೊಗಳಲು ಬರುತ್ತಿದ್ದರು. ತಾವಾದರೋ ಯಾರಿಗೂ ಇಲ್ಲವೆನ್ನದೆ ತೋಳು ಚಾಚುತ್ತಿದ್ದಿರಿ. ಈ ಔದಾರ್ಯವನ್ನು ಎಷ್ಟು ಕೊಂಡಾಡಿದರೂ ಸಾಲದು. ಇದನ್ನೇ ಮನುಷ್ಯರು ಮಾಡಿದರೆ ಪೆದ್ದುತನ ಅನ್ನುತ್ತಾರೆ.

ಈ ಪದ್ಧತಿಯನ್ನು ಮುರಿದವರು ಒಬ್ಬರೇ, ಮಿಸೆಸ್ ಬಿಲಿಚ್. ಇಲ್ಲಿನ ಬೆಟ್ಟ ಕೊರೆದು ನೀರು ಹರಿಸುವ ಸುರಂಗದ ಕೆಲಸದ ಕಾಲಕ್ಕೆ ಗಂಡನೊಡನೆ ಕಡಲಾಚೆಯಿಂದ ಬಂದು, ನಮ್ಮ ಬೀದಿಯಲ್ಲೇ ತಲೆ ನರೆತರೂ ನಮಗಿನ್ನೂ ಹೊಸಬರು. ಅವರು ಒಂದು ಭಾನುವಾರ, ನೋಲೀನ್ ಕೂಡ ಎದುರಿಗಿರುವಾಗಲೇ, "ಡೆಲ್ಮಾ, ನನಗೆ ಈ ಗಿಡದ್ದೊಂದು ಕಡ್ಡಿ ಕೊಡು. ಹೇಗೆ ನೆಡ್ಬೇಕು ಅಂತಾನೂ ಹೇಳು" ಅಂದುಬಿಟ್ಟರು. ನೋಲೀನ್‌ಳ ಬಟ್ಟಲು ಬಾಯಿಗೂ ಮೇಜಿಗೂ ನಡುವೆ ನಿಂತಿತು. ನಾನು ಬೇರೆ ದಾರಿ ಕಾಣದೆ ಚೂರಿ ತೊಳೆದು, ಹೂವಿಲ್ಲದ ಕುಡಿ ನೋಡಿ ಕತ್ತರಿಸಿ, ಗಾಯ ಒಣಗುವ ತನಕ ಮೇಜಿನ ಮೇಲೆ ಬಿಡಿ, ಮರಳಲ್ಲಿ ನೆಡಿ, ನೀರು ಕೇಳಿದರೂ ಕೊಡಬೇಡಿ ಎಂದೆಲ್ಲ ಹೇಳಿ ಕೊಟ್ಟೆ. ಬಾಗಿಲು ದಾಟುವಾಗ ಆಕೆ ಥ್ಯಾಂಕ್ಸ್ ಅಂದರು. ಗೇಟಿನ ಬಳಿ ಇನ್ನೊಮ್ಮೆ ಅಂದರು. "ಎರಡು ಸಲ!" ಎಂದು ನೋಲೀನ್ ಎದೆ ಮುಟ್ಟಿಕೊಂಡಳು. "ಪಾಪದ ಗಿಡ, ನಾಳೆ ಬೆಳಗಾಗೋದ್ರೊಳಗೆ ಹೋಯ್ತು ಅಂತ್ಲೇ ತಿಳ್ಕೋ."

ಹೋಗಲಿಲ್ಲ. ಹೋದವರು ತಾವು. ಈ ಜುಲೈನ ನಡುಚಳಿಯಲ್ಲಿ, ಯಾರೋ ಹರಿದ ಗಾಯ ಇನ್ನೂ ಹಸಿಯಿರುವಾಗಲೇ, ಪಾಪ ಬಾಯಾರಿದೆಯೆಂದು ಮರ್ವ್ ತಾನು ಕುಡಿದು ಉಳಿದ ಚಹಾವನ್ನು, ಸೊಪ್ಪು ಸಮೇತ, ತಮ್ಮ ಬುಡಕ್ಕೆ ದಿನವೂ ಸುರಿಯುತ್ತಿದ್ದನೆಂದು ಆಮೇಲೆ ತಿಳಿಯಿತು. ಬುಡದಿಂದ ಕಪ್ಪು ಏರತೊಡಗಿತು. ಆಪತ್ತಿಗಿರಲೆಂದು ನಾನು ಬೆಳೆಸಿದ್ದ ತಮ್ಮ ಮಗಳನ್ನು ಜಾಣತನದಿಂದ ತಮ್ಮ ಪಕ್ಕದಲ್ಲೇ, ಒಂದೇ ತಟ್ಟೆಯಲ್ಲಿ ಇಟ್ಟಿದ್ದೆನಲ್ಲ, ತಮಗಿಂತ ಮೊದಲು ಅವಳೇ ಮಲಗಿದಳು. ಕಪ್ಪು ಮುಟ್ಟದ ಮೇಲಿನಿಂದ ತಮ್ಮ ತುದಿಗಳನ್ನು ಕತ್ತರಿಸಿ ಮರಳಲ್ಲಿಟ್ಟೆ. ಒಂದರ ಹಿಂದೊಂದು ಕಪ್ಪಾಗಿ, ಕೊನೆಗೆ ಈ ಹಿಡಿ ಮುರಿದ ಬಟ್ಟಲಿನಲ್ಲಿ ತಾವೊಬ್ಬರೇ, ಹೆಬ್ಬೆರಳುದ್ದ ಉಳಿದಿರಿ. ಮಾತಿಗೊಂದು ತಮಾಷೆ ಮಾಡುವ ಮರ್ವ್ ಖಾಲಿ ಕುಂಡದ ಅಂಚು ಒರೆಸುತ್ತಾ, "ಅಮ್ಮಂದು ಅಂತ ಜೀವ ಇರೋದು ಇನ್ನೇನೂ ಉಳಿಲಿಲ್ಲ ಅಲ್ವಾ ಡೆಲ್" ಅಂದ. ಬೈಯುವುದು ಬಿಟ್ಟು, ಉಳಿದ ಈ ಬಟ್ಟಲನ್ನು ಅವನ ಮುಂದಿಟ್ಟೆ. ಆಮೇಲೆ ಅವನೇ, "ಎದುರುಮನೇಲಿ ಒಂದಿದೆಯಲ್ಲ, ಹೋಗಿ ಕೇಳು" ಅಂದ.

"ಕೇಳೋದಾ!" ಅಂದೆ ನಾನು.

ಹೋದೆ. ಮಿಸೆಸ್ ಬಿಲಿಚ್ ಅವರ ಅಡುಗೆಮನೆಯ ಕಿಟಕಿಯಲ್ಲಿ ತಮ್ಮ ಆ ಮಗಳು ಕುರಿಮರಿಯಷ್ಟು ದಪ್ಪ ಬೆಳೆದು, ಹೊರಗೆ ಹುಲ್ಲೆಲ್ಲ ಹೆಪ್ಪುಗಟ್ಟಿರುವಾಗ, ಮೈತುಂಬ ಹೂ ಬಿಟ್ಟುಕೊಂಡು ಕೂತಿದ್ದಳು. ಒಂದು ಮೊಗ್ಗನ್ನೂ ಚಿವುಟಿಲ್ಲ! ಅತ್ತೆಯವರು ಇದ್ದಿದ್ದರೆ ಏನನ್ನುತ್ತಿದ್ದರೋ. ಒಳಗೆ ಅಕ್ರೋಟು ತುಂಬಿ ಸುತ್ತಿದ ಅವರ ಕಡೆಯ ಸಿಹಿ ರೊಟ್ಟಿ ತಿಂದೆ, ಹವಾಮಾನ ಮಾತಾಡಿದೆ, ಕೊನೆಗೆ, "ಚೆನ್ನಾಗಿ ಬೆಳೆಸಿದ್ದೀರಿ ಮಿಸೆಸ್ ಬಿಲಿಚ್. ನನಗಂತೂ ಜಾಗನೇ ಇಲ್ಲ" ಎಂದು ನೋಲೀನ್‌ಳ ಮಾತು ನನ್ನ ಬಾಯಿಂದ ಹೊರಟಿತು. ಆಕೆ ನನ್ನನ್ನೊಮ್ಮೆ ನೋಡಿದರು. "ಇರು, ಕಾಫಿಗೆ ನೀರಿಟ್ಟು ಬರ್ತೀನಿ" ಎಂದು ಎದ್ದು, ನೀರಿಡುವ ಒಲೆ ಇದ್ದ ಅಡುಗೆಮನೆಯಲ್ಲೇ ನಾವು ಕೂತಿದ್ದರೂ, ನಡುಮನೆಗೆ ಹೋಗಿ ಬಾಗಿಲೆಳೆದುಕೊಂಡರು.

ಮಾನ್ಯರೇ, ಆ ಕ್ಷಣದಲ್ಲಿ ನಾನು ಪಟ್ಟ ಪಾಡು ಯಾವ ಕಳ್ಳಿಗೂ ಬೇಡ. ಹೂವುಗಳ ಅಡಿಯಲ್ಲಿ ಹೂವಿಲ್ಲದ ಒಂದೇ ಒಂದು ಕುಡಿ. ನನ್ನ ಕೈಯಲ್ಲಿ ಚೂರಿಯಿಲ್ಲ, ಉಗುರಿದೆ. ಕೈ ಹೋಯಿತು. ಒಳಗಿನಿಂದ ಕೆಮ್ಮು ಕೇಳಿಸಿತು; ನನ್ನ ಕೆಮ್ಮಿಗಿಂತ ಎಷ್ಟೋ ಮೇಲಾಗಿತ್ತು. ಹರಿದರೆ ಇವಳ ಮೈಯಲ್ಲೂ ಅದೇ ಗಾಯ, ಅದೇ ಕಪ್ಪು, ಆಮೇಲೆ ಭೂಮಿಯ ಮೇಲೆ ಈ ಬಣ್ಣವೇ ಇಲ್ಲ. "ಕೆಮ್ಮಬೇಡಿ ಮಿಸೆಸ್ ಬಿಲಿಚ್!" ಎಂದು ಕೂಗಿದೆ. "ಬಂದು ಚೂರಿ ಕೊಡಿ. ನನಗೊಂದು ಕಡ್ಡಿ ಬೇಕು."

ಆಕೆ ಓಡಿಬಂದರು. "ಅಯ್ಯೋ ಡೆಲ್ಮಾ, ಕೇಳ್ಬಾರದು! ಕೇಳಿದ್ರೆ ಕೊಳೆಯುತ್ತಂತೆ, ನೋಲೀನ್ ಹೇಳಿದ್ಲು."

"ನೀವು ಕೇಳಿದ್ದು ಕೊಳೀಲಿಲ್ವಲ್ಲ."

"ಆಗ ನನಗೆ ಗೊತ್ತಿರಲಿಲ್ಲ" ಅಂದರು ಆಕೆ, ಬಹಳ ಗಂಭೀರವಾಗಿ.

ಆ ಕಡ್ಡಿ ಈಗ ನಮ್ಮ ಅಡುಗೆಮನೆಯಲ್ಲಿ, ತಮ್ಮಿಂದ ದೂರ, ತನ್ನದೇ ಕುಂಡ, ನೀರೆರೆಯಲು ತನ್ನದೇ ಪಾತ್ರೆ ಇಟ್ಟುಕೊಂಡು, ಬೇರು ಬಿಟ್ಟು ಎಲೆ ಅರಳಿಸುತ್ತಿದೆ. ಥ್ಯಾಂಕ್ಸನ್ನು ನಾನು ಬೀದಿ ನಡುವೆ ನಿಂತು ಗಟ್ಟಿಯಾಗಿ ಹೇಳಿಯೇ ಬಂದೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುವುದು ಇದ್ದದ್ದೇ. ವಸಂತದಲ್ಲಿ ಅವಳು ತಾಯಿಗಿಡವಾಗಿ ವರಾಂಡಕ್ಕೆ ಬರುವಾಗ ಕುಂಡದ ಪಕ್ಕದಲ್ಲೇ ತೊಳೆದ ಚೂರಿಯೊಂದನ್ನು ದಾರ ಕಟ್ಟಿ ನೇತುಹಾಕುತ್ತೇನೆ: ಕದಿಯುವವರು ಕದಿಯಲಿ, ಕತ್ತರಿಸಿ ಕದಿಯಲಿ, ಸಾಕುವ ಬಗೆಯನ್ನು ಈ ಕಾಗದದಲ್ಲಿ ಓದಿಕೊಂಡರೆ ಯಾರನ್ನೂ ಕೇಳಿದಂತಾಗುವುದಿಲ್ಲ. ಒಬ್ಬ ಮಗಳು ಯಾವಾಗಲೂ ಎದುರುಮನೆಯಲ್ಲೇ ಇರುವುದೆಂದು ನಿಶ್ಚಯವಾಗಿದೆ.

ಆದ್ದರಿಂದ ವಂಶದ ಹೊರೆ ಇನ್ನು ತಮ್ಮ ಮೇಲಿಲ್ಲ. ಅವಳೂ ತಾವೇ ಎಂದು ಮರ್ವ್ ವಾದಿಸುತ್ತಾನೆ, ಎಲೆಯಿಂದ ಎಲೆಗೆ ಒಂದೇ ಎನ್ನುತ್ತಾನೆ, ಇರಬಹುದು. ಆದರೂ ಬೆಳಗ್ಗೆ ಎದ್ದರೆ ಅವನು ಮೊದಲು ಹೋಗಿ ಇಣುಕುವುದು ಅಡುಗೆಮನೆಯ ಕುಂಡಕ್ಕಲ್ಲ, ಈ ಮುರುಕು ಬಟ್ಟಲಿಗೆ. ಕೈಯಲ್ಲಿ ಚಹಾ ಇದ್ದರೆ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು. ಹೀಗಾಗಿ ತಮ್ಮಲ್ಲಿ ನನ್ನ ಕೆಲವು ಬಿನ್ನಹಗಳಿವೆ: ಇನ್ನು ಮುಂದೆ ಕಾಯಿಲೆ ಬೀಳುವುದಿದ್ದರೆ ಮುಂಗಡ ಸೂಚನೆ ಕೊಡುವುದು, ಯಾರಾದರೂ ಉಗುರು ತಾಕಿಸಿದರೆ ಪಾದ್ರಿಗಳ ಮುಳ್ಳನ್ನು ಎರವಲು ಪಡೆಯುವುದು, ಇಲ್ಲವೇ ಕಿರುಚುವುದು, ಮತ್ತು ದಯಮಾಡಿ, ಹೇಗಾದರೂ ಮಾಡಿ, ಆ ಬಟ್ಟಲಿನ ಮರಳೊಳಗೆ ಒಂದು ಬೇರು ಬಿಡುವುದು.

ತಮ್ಮ ವಿಶ್ವಾಸಿ,
ಡೆಲ್ಮಾ ಹಾಸ್ಕಿನ್
(ಸೊಸೆ)

ಮರೆತ ಮಾತು: ಉತ್ತರ ಬೇಗ ಬರೆಯಿರಿ, ಮರ್ವ್ ಕಾಯುತ್ತಿದ್ದಾನೆ. ಒಂದೇ ಒಂದು ಎಲೆ ಬರೆದರೂ ಸಾಕು, ಅರ್ಥ ಮಾಡಿಕೊಳ್ಳುತ್ತೇವೆ. ಹೂವಿನಲ್ಲಿ ಮಾತ್ರ ಬರೆದು ಕಳಿಸಬೇಡಿ, ಓದದೆ ಚಿವುಟಿಬಿಡುತ್ತೇನೆ.