ಕೆರೆಗೆ ಪುರುಡು

ನಮ್ಮ ಮಾವನಿಗೆ ತಲೆ ಕೆಟ್ಟಿದೆ ಎಂದು ಮೊದಲು ಹೇಳಿದವಳು ನಾನಲ್ಲ. ಮಿರ್ಲೆ ಆಸುಪಾಸಿನ ನಾಲ್ಕು ಹಳ್ಳಿಯವರು ನನಗೆ ಮಾತು ಬರುವ ಮೊದಲೇ ಹೇಳಿ ಮುಗಿಸಿದ್ದರು. ನಾನು ಬರೀ ಒಪ್ಪಿಕೊಂಡೆ, ಅಷ್ಟೆ! ಅಲ್ಲ, ನೀವೇ ಹೇಳಿ, ಕೆರೆಗೆ ಹೋಗುವಾಗ ಚಪ್ಪಲಿ ಕಳಚಿ, ಕೆಮ್ಮು ಬಂದರೆ ಟವಲು ಬಾಯಿಗೆ ತುರುಕಿಕೊಂಡು, ಏರಿಯ ಮೇಲೆ ಹಾರನ್ ಹೊಡೆದವನ ಬೈಕಿನ ಕೀಲಿ ಕಿತ್ತುಕೊಳ್ಳುವ ಮನುಷ್ಯನಿಗೆ ಏನನ್ನಬೇಕು?

ಮಾವ ಎಂದರೆ ನನ್ನ ತಾಯಿಯ ತಮ್ಮ, ನಮ್ಮೂರ ಕೆರೆಯ ನೀರುಗಂಟಿ. ಯಾವ ಗದ್ದೆಗೆ ಯಾವ ಹೊತ್ತಿಗೆ ಎಷ್ಟು ನೀರು ಎಂದು ತೀರ್ಮಾನಿಸುವವರು ಅವರೇ. ತೂಬು ಎತ್ತುವ ಕಬ್ಬಿಣದ ಹಿಡಿಕೆಯನ್ನು ಪಕ್ಕದಲ್ಲೇ ಮಲಗಿಸಿಕೊಂಡು ನಿದ್ದೆ ಮಾಡುತ್ತಾರೆ. ಮದುವೆ ಯಾಕಾಗಲಿಲ್ಲ ಮಾವ ಎಂದು ಕೇಳಿದರೆ, "ಮಂಚದಾಗೆ ಜಾಗ ಎಲ್ಲೈತೆ ಕಣವ್ವ?" ಎನ್ನುತ್ತಾರೆ.

ನನಗೆ ತವರೆಂದರೆ ಅವರ ಮನೆಯೇ. ನನ್ನ ಬಾಣಂತನ ನಡೆದದ್ದೂ ಅಲ್ಲೇ. ಅಬ್ಬಬ್ಬಾ, ಆ ಬಾಣಂತನ! ಪಕ್ಕದ ಮನೆಯ ಹೆಂಗಸರು ನನಗೆ ನೀರೆರೆಯಲು ಬಂದರೆ ಇವರು ಬಚ್ಚಲಿನ ಆಚೆ ನಿಂತು, "ಮೊದ್ಲು ಕೂಸಿಗೆ ಬುಡಿ, ಆಮೇಲ್ ಅವ್ವಂಗೆ!" ಎಂದು ಗದ್ದೆಗೆ ಸರದಿ ಕೂಗಿದಂತೆ ಕೂಗುತ್ತಿದ್ದರು. ಮೆಣಸಿನ ಸಾರು ಮಾಡುತ್ತಿದ್ದವರೂ ಅವರೇ, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದವರೂ ಅವರೇ. ಬಾಣಂತಿ ಮನೆಯಲ್ಲಿ ಗದ್ದಲ ಕೂಡದು ಎಂಬುದು ಅವರ ಕಾನೂನು. ಫೋನಿನಲ್ಲಿ ಗಟ್ಟಿಯಾಗಿ ಮಾತಾಡಿದ ತಪ್ಪಿಗೆ ನನ್ನ ಗಂಡನನ್ನು ಸಾಲಿಗ್ರಾಮದ ಬಸ್ಸು ಹತ್ತಿಸಿ ಕಳಿಸಿಯೇಬಿಟ್ಟರು! ಮಗುವಿನ ನಾಮಕರಣಕ್ಕೆ ಮತ್ತೆ ಕರೆಸಿದರು ಅನ್ನಿ.

ಇಂಥ ಮನುಷ್ಯ ಕಳೆದ ಮಳೆಗಾಲದಲ್ಲಿ, ನಾನು ತವರಿಗೆ ಬಂದಿದ್ದಾಗ, ಒಂದು ಹಕ್ಕಿಗೆ ಬಾಣಂತನ ಶುರು ಮಾಡಿದರು.

ದೇವನಕ್ಕಿ ಎನ್ನುತ್ತಾರೆ ಅದಕ್ಕೆ. ಉದ್ದ ಬಾಲ, ಬಿಳಿ ರೆಕ್ಕೆ, ಕತ್ತಿನ ಹಿಂದೆ ಬಂಗಾರ ಬಳಿದಂಥ ಹಳದಿ. ಕಾಲ್ಬೆರಳು ಎಷ್ಟು ಉದ್ದವೆಂದರೆ ತಾವರೆ ಎಲೆಯ ಮೇಲೆ ಹೊಸ ಮದುಮಗಳ ಹಾಗೆ ನಡೆದು ಹೋಗುತ್ತದೆ, ಎಲೆ ಮುಳುಗುವುದಿಲ್ಲ! ನಾನು ಚಿಕ್ಕವಳಿದ್ದಾಗ ಸುತ್ತಲ ಕೆರೆಗಳ ತುಂಬ ಇದ್ದವು. ತಾವರೆ, ಜೊಂಡು ಕಿತ್ತು ಕೆರೆಗಳನ್ನು 'ಚೊಕ್ಕಟ' ಮಾಡುತ್ತ ಬಂದಂತೆ ಹಕ್ಕಿಗಳೂ ಚೊಕ್ಕಟವಾಗಿ ಮಾಯವಾದವು. ಆ ವರ್ಷ ನಮ್ಮ ಕೆರೆಯಲ್ಲಿ ಇದ್ದದ್ದು ಒಂದೇ ಗೂಡು. ಗೂಡಲ್ಲ, ತೇಲುವ ಒಂದಿಷ್ಟು ಕಸ. ಅದರಲ್ಲಿ ಎಣ್ಣೆ ಸವರಿದ ಬುಗುರಿಯಂಥ ನಾಲ್ಕು ಮೊಟ್ಟೆ.

ಅದೇ ಹೊತ್ತಿಗೆ, ಬೇಸಿಗೆಯಲ್ಲಿ ಬರಬೇಕಿದ್ದ ಜೆಸಿಬಿ ಮಳೆಗಾಲದಲ್ಲಿ ಬಂತು. ಪಂಚಾಯಿತಿ ಅಧ್ಯಕ್ಷರು ಏರಿಗೆ ಬಂದು, "ಅಣ್ಣೋ, ತೂಬು ಎತ್ತು. ನೀರು ಇಳಿದ್ರೆ ತಾವರೆ ಎಲ್ಲಾ ಬಾಚಾಕ್ಬುಡ್ತೀವಿ. ಕೆರೆ ಆಮೇಲೆ ನಾಲೆ ನೀರಲ್ಲೇ ತುಂಬ್ಕೋತದೆ" ಎಂದರು.

ಹೋಗಿ ನೋಡಿದರೆ ತೂಬಿಗೆ ಬೇವಿನ ಸೊಪ್ಪು ಕಟ್ಟಿದೆ!

"ಕೆರೆಗೆ ಪುರುಡು ಬಂದೈತೆ ಕಣಪ್ಪ," ಎಂದರು ಮಾವ. "ಕಳೆಯೋಗಂಟ ಯಾರೂ ನೀರು ಮುಟ್ಟಂಗಿಲ್ಲ."

ಮನೆಯಲ್ಲಿ ಹೆರಿಗೆಯಾದರೆ ಹತ್ತು ದಿನದ ಮೈಲಿಗೆ, ಪುರುಡು, ಸರಿ. ಕೆರೆಗೆ ಪುರುಡೇ? ಅಧ್ಯಕ್ಷರು ಸಾಮಾನ್ಯರಲ್ಲ, ವಾದಕ್ಕೆ ನಿಂತರು.

"ಮೊಟ್ಟೆನೇ ಒಡ್ದಿಲ್ಲ, ಎರಿಗೆ ಎಲ್ಲಾಯ್ತಣ್ಣೋ?"

"ಮೊಟ್ಟೆ ಇಕ್ಕಿದ್ದು ಒಂದೆರಿಗೆ, ಒಡಿಯೋದು ಇನ್ನೊಂದೆರಿಗೆ. ಮರಿ ನಾಕು ಬ್ಯಾರೆ ಬ್ಯಾರೆ ದಿನ ಬಂದ್ರೆ ನಾಕು ಪುರುಡು. ದೀಪಾವಳಿ ಆಚೆಗೆ ಬಾ."

ಅಧ್ಯಕ್ಷರು ತಾಲ್ಲೂಕು ಕಚೇರಿಗೆ ಹೆದರುವವರಲ್ಲ, ಆದರೆ ಅವರ ತಾಯಿಗೆ ಹೆದರುತ್ತಾರೆ. ಆ ಮುದುಕಿ, "ಪುರುಡಿನ ನೀರು ಮುಟ್ಟಿ ಮನೆಗ್ ಬಂದೀಯ, ಉಸಾರು!" ಎಂದುಬಿಟ್ಟರಂತೆ. ಜೆಸಿಬಿ ಏರಿಯ ಬುಡದಲ್ಲಿ ನಿಂತಿತು. ಅದರ ಡ್ರೈವರಿಗೆ ದಿನಾ ನಮ್ಮ ಮಾವನ ಮನೆಯಲ್ಲೇ ಊಟ!

ಕೊನೆಗೆ ಒಂದು ರಾಜಿಯಾಯಿತು. ಹಕ್ಕಿ ಬಲ್ಲವರೊಬ್ಬರು ಬಂದು, ಕೂತಿರುವುದು ನಿಜವಾಗಿ ಬಾಣಂತಿ ಎಂದು ಹೇಳಬೇಕು. ಹುಣಸೂರಿನಿಂದ ಒಬ್ಬ ಮೇಷ್ಟ್ರು ದುರ್ಬೀನು ನೇತುಹಾಕಿಕೊಂಡು ಬಂದರು. ಊರಿಗೆ ಊರೇ ಏರಿಯ ಮೇಲೆ. ಅವರು ಬಹಳ ಹೊತ್ತು ನೋಡಿ, ಸಂಕೋಚದಿಂದ ಹೇಳಿದರು: "ಮೊಟ್ಟೆಗೆ ಕಾವು ಕೊಡ್ತಿರೋದು ಗಂಡು. ಈ ಜಾತಿಯಲ್ಲಿ ಹೆಣ್ಣು ಮೊಟ್ಟೆಯಿಟ್ಟು ಬೇರೆ ಗಂಡಿನ ಹತ್ತಿರ ಹೋಗುತ್ತೆ. ಮರಿ ಸಾಕೋದೆಲ್ಲ ಗಂಡೇ."

ನಗು ಎಂದರೆ ನಗು! "ಗಂಡಸಿಗೆ ಪುರುಡಂತೆ ಕಣ್ಲಾ!" "ಮೀಸೆ ಐತೇನ್ಲಾ ಬಾಣಂತಿಗೆ?" ಮೇಷ್ಟ್ರು, "ಅಪರೂಪದ ಹಕ್ಕಿ, ದಯವಿಟ್ಟು ತಡೀರಿ" ಎಂದದ್ದು ಯಾರ ಕಿವಿಗೂ ಬೀಳಲಿಲ್ಲ. ಎಲ್ಲರ ಬಾಯಿಗೂ ಉತ್ತರ ಕೊಡುವ ಮಾವ ಆವತ್ತು ಹಕ್ಕಿಯನ್ನೇ ನೋಡುತ್ತ ನಿಂತಿದ್ದರು. ಅಧ್ಯಕ್ಷರು ಅವರ ಕೈಯಿಂದ ಹಿಡಿಕೆ ತೆಗೆದುಕೊಂಡು ತಾವೇ ತೂಬು ಎತ್ತಿದರು.

ನೀರು ಸೆಳೆಯತೊಡಗಿತು. ತಾವರೆ ಎಲೆಗಳು ಅಲುಗಾಡಿದವು. ಗೂಡು ನಿಧಾನವಾಗಿ ತೂಬಿನ ಕಡೆಗೆ ಜಾರುತ್ತ ಬಂದು ಒಂದು ಬದಿಗೆ ವಾಲಿತು.

ಆ ಹಕ್ಕಿ ಹಾರಿಹೋಗಲಿಲ್ಲ! ಅಷ್ಟು ಜನ, ಅಷ್ಟು ಗದ್ದಲ. ಅದು ಎದ್ದು ನಿಂತು ಒಂದು ಮೊಟ್ಟೆಯನ್ನು ಗದ್ದಕ್ಕೂ ಎದೆಗೂ ನಡುವೆ ಅವುಚಿಕೊಂಡು, ಹಿಂದೆ ಹಿಂದೆ ಹೆಜ್ಜೆಯಿಡುತ್ತ, ಆಚೆಯ ಗಟ್ಟಿ ಎಲೆಯ ಮೇಲೆ ತಂದಿಟ್ಟಿತು. ಮತ್ತೆ ಬಂತು. ಇನ್ನೊಂದು ಮೊಟ್ಟೆ. ಏರಿಯ ಮೇಲಿನ ನಗು ನಿಂತುಹೋಯಿತು. ಮೂರನೆಯದಕ್ಕೆ ಅದು ಬರುವಾಗ ಗೂಡಿನ ಅಂಚು ನೀರಿಗಿಳಿದಿತ್ತು. ನಾನು ಇಷ್ಟು ವರ್ಷ ಆ ಕೆರೆಯ ನೀರು ಕುಡಿದು ಬೆಳೆದವಳು, ಇಂಥದ್ದನ್ನು ಕಂಡಿರಲಿಲ್ಲ.

ನೀರಿನ ಸದ್ದು ನಿಂತಾಗಲೇ ನಾನು ತಿರುಗಿ ನೋಡಿದ್ದು. ಅಧ್ಯಕ್ಷರು ತೂಬು ಇಳಿಸಿದ್ದರು. ಕೆಳಗೆ ಬಿದ್ದಿದ್ದ ಬೇವಿನ ಸೊಪ್ಪನ್ನು ಎತ್ತಿ, ಮತ್ತೆ ಅಲ್ಲೇ ಕಟ್ಟಿ, ಹಿಡಿಕೆಯನ್ನು ಮಾವನ ಕೈಗಿಟ್ಟು, "ದೀಪಾವಳಿ ಆಗ್ಲಿ ಬುಡಣ್ಣ" ಎಂದರು.

ನಾಲ್ಕನೆಯ ಮೊಟ್ಟೆಯೂ ದಾಟಿತು. ಮಾವ ಟವಲಿನಿಂದ ಮುಖ ಒರೆಸಿಕೊಂಡು ನನಗೊಬ್ಬಳಿಗೇ ಕೇಳುವಂತೆ ಹೇಳಿದರು: "ಅವ್ನಿಗೂ ಯಾರೂ ಏಳ್ಕೊಟ್ಟಿರಾಕಿಲ್ಲ ಕಣವ್ವ."

ನನ್ನನ್ನು ಹೆತ್ತ ಏಳನೆಯ ದಿನ ನನ್ನ ತಾಯಿ ತೀರಿಕೊಂಡಳು, ಪುರುಡು ಕಳೆಯುವ ಮೊದಲೇ. ಅಪ್ಪ ಇನ್ನೊಂದು ಮದುವೆಯಾಗಿ ಪಿರಿಯಾಪಟ್ಟಣದ ಕಡೆ ಹೋದರು. ಆಗಿನ್ನೂ ಮೀಸೆ ಚಿಗುರುತ್ತಿದ್ದ ಮಾವ, ಒಂದು ಕೈಯಲ್ಲಿ ತೂಬಿನ ಹಿಡಿಕೆ, ಎದೆಗೆ ಕಟ್ಟಿದ ಟವಲಿನಲ್ಲಿ ನನ್ನನ್ನು ಹಾಕಿಕೊಂಡು, ತಲೆ ಅಲುಗದಂತೆ ಗದ್ದದಿಂದ ಒತ್ತಿ ಹಿಡಿದು ಇದೇ ಏರಿಯ ಮೇಲೆ ಓಡಾಡುತ್ತಿದ್ದರಂತೆ. ತಲೆ ಕೆಟ್ಟಿದೆ ಎಂದು ನಾಲ್ಕು ಹಳ್ಳಿಯವರು ಮೊದಲು ಹೇಳಿದ್ದು ಆಗಲೇ.

ನನಗೆ ಅವರಿಗೆ ಹೇಳಬೇಕಾದದ್ದು ಬೆಟ್ಟದಷ್ಟಿತ್ತು. ಚಪ್ಪಲಿ ಕಳಚಿಟ್ಟು ಅವರ ಪಕ್ಕದಲ್ಲಿ ಸುಮ್ಮನೆ ಕೂತೆ. ಬಾಣಂತಿ ಮನೆ, ಗದ್ದಲ ಕೂಡದು.