ಹೊಳೆಯುವ ಹಂಡೆಯ ಕೆಂಪು ಕಲೆ

ಮನೆ ಅಳಿಯ ಅನ್ನುವ ಬಿರುದು ಕಳಚಿಕೊಳ್ಳಲು ನಮ್ಮ ಅಳಿಯನಿಗೆ ಇದ್ದದ್ದು ಒಂದೇ ದಾರಿ. ಕಾರ್ಖಾನೆಯ ಕೆಲಸ ಖಾಯಂ ಆಗಬೇಕು. ಅದೊಂದಾದರೆ ಸಾಕು, ಹೆಂಡತಿಯನ್ನು ಕರೆದುಕೊಂಡು ಬೇರೆ ಮನೆ. ಸ್ನಾನದ ನಡುವೆ "ನೀರು ಸಾಕು!" ಎಂದು ಬಾಗಿಲು ಬಡಿಯುವವರು ಅಲ್ಲಿರುವುದಿಲ್ಲ.

ಬಾಗಿಲು ಬಡಿಯುವ ಮಾವನೇ ಕಾರ್ಖಾನೆಯ ಹಿರಿಯ ವೆಲ್ಡರ್. ಹಾಲು ಕಾಯಿಸಲೆಂದು ಅವರು ಬೆಸೆದ ದೊಡ್ಡ ಉಕ್ಕಿನ ಹಂಡೆಗಳನ್ನು ಒಡೆಯದೆ, ಕೊರೆಯದೆ, ಶಾಖ ಕಾಣುವ ಕ್ಯಾಮೆರಾದಿಂದ ಪರೀಕ್ಷಿಸುವುದು ಅಳಿಯನ ಕೆಲಸ. ದೊಡ್ಡ ದೀಪದಿಂದ ಬೆಸುಗೆಯನ್ನು ಬಿಸಿ ಮಾಡಿದರೆ, ಬಿರುಕಿದ್ದಲ್ಲಿ ಶಾಖ ತಡೆದು ನಿಂತು ಪರದೆಯ ಮೇಲೆ ಕೆಂಪಗೆ ಕಾಣುತ್ತದೆ. ಖಾಯಂ ಮಾಡುವುದೋ ಬಿಡುವುದೋ ಎಂದು ಸಾಹುಕಾರರು ಅವತ್ತೇ ತೀರ್ಮಾನಿಸುವವರಿದ್ದರು.

ಕ್ಯಾಮೆರಾ ಹಿಡಿದದ್ದೇ ತಡ, ಹಂಡೆಯ ಹೊಟ್ಟೆಯಲ್ಲಿ ಕುಂಬಳಕಾಯಿಯಷ್ಟು ಕೆಂಪು ಕಲೆ.

"ಮಾವ, ಇಲ್ಲೇನೋ ದೋಷ ಇದೆ."

"ನನ್ನ ಬೆಸುಗೇಲಾ? ಅಳಿಯಂದ್ರೇ, ನೀವು ಹುಟ್ಟೋಕೆ ಮುಂಚೆಯಿಂದ ಬೆಸೀತಿದೀನಿ!" ಎಂದು ಮಾವ ದೂರದ ತಮ್ಮ ಮೂಲೆಯಿಂದಲೇ ಗುಡುಗಿದರು.

ಗಲಾಟೆ ಕೇಳಿ ಪೇಂಟರ್ ಬಂದು ಇಣುಕಿದ. ಸ್ಟೋರಿನವನೂ ಇಣುಕಿದ. ಒಂದಿದ್ದ ಕಲೆ ಮೂರಾಯಿತು.

"ಅಯ್ಯೋ, ಹಬ್ತಾ ಇದೆ!" ಎಂದು ಪೇಂಟರ್ ಕೂಗಿಕೊಂಡ.

ಕೂಗಿಗೆ ಸಾಹುಕಾರರೇ ಓಡಿಬಂದರು. ಎಲ್ಲಕ್ಕಿಂತ ದಪ್ಪನೆಯದೊಂದು ಹೊಸದಾಗಿ ಮೂಡಿತು.

ಅಳಿಯ ಬೆವೆತು ಹೋದ. ಹಣೆ ಒರೆಸಿಕೊಂಡ. ಮೊದಲ ಕಲೆಯೂ ಒರೆಸಿಕೊಂಡಿತು! ಕೈ ಎತ್ತಿದರೆ ಅದೂ ಎತ್ತಿತು. ಕನ್ನಡಿಯಂಥ ಉಕ್ಕಿನಲ್ಲಿ ಕ್ಯಾಮೆರಾ ನೋಡುತ್ತಿದ್ದದ್ದು ಎದುರು ನಿಂತವರ ಮೈಬಿಸಿಯನ್ನು.

"ದೋಷ ನಾನೇ ಸಾರ್," ಅಂದ.

ಎಲ್ಲರಿಗಿಂತ ಜೋರಾಗಿ ನಕ್ಕವರು ಮಾವ.

ಅಳಿಯ ಸೋಲೊಪ್ಪಲಿಲ್ಲ. ಪೇಂಟರನ ಹತ್ತಿರ ತೊಳೆದರೆ ಹೋಗುವಂಥ, ಹೊಳಪಿಲ್ಲದ ಕಪ್ಪು ಬಣ್ಣ ಇಸ್ಕೊಂಡು ಬೆಸುಗೆಯುದ್ದಕ್ಕೂ ಬಳಿದ. ದೀಪ ಹಚ್ಚಿ ಮತ್ತೆ ನೋಡಿದ. ಕಲೆಗಳೆಲ್ಲ ಮಾಯ. ಉಳಿದದ್ದು ಬೆಸುಗೆಯ ನಡುವೆ ಕೂದಲೆಳೆಯಂಥ ಒಂದು ಕೆಂಪು ಗೆರೆ.

ಅದು ನಿಜವಾದ ಬಿರುಕು. ಮಾವನ ನಗು ನಿಂತಿತು.

"ನಾಳೆಯಿಂದ ನೀನು ಖಾಯಂ!" ಎಂದು ಸಾಹುಕಾರರು ಬೆನ್ನು ತಟ್ಟಿದರು. ಅಳಿಯನಿಗೆ ಕುಣಿಯುವಷ್ಟು ಸಂತೋಷ, ಮಾವನ ಮುಖ ನೋಡಲು ಭಯ. ಇನ್ನು ಬೇರೆ ಮನೆಯ ಮಾತು ತಾನೆತ್ತಬೇಕಿಲ್ಲ, ಅವರೇ ಪೆಟ್ಟಿಗೆ ಹೊರಗಿಡುತ್ತಾರೆ ಅಂದುಕೊಂಡ.

ಮಾವ ಬಂದು ಅವನ ಎರಡೂ ಕೈ ಹಿಡಿದುಕೊಂಡರು. ಕಣ್ಣು ಒದ್ದೆಯಾಗಿತ್ತು.

"ಕುದಿಯೋ ಹಾಲು ತುಂಬಿದ್ಮೇಲೆ ಇದು ಬಿಟ್ಕೊಂಡಿದ್ರೆ ಯಾರ ಮೈ ಸುಡ್ತಿತ್ತೋ! ನನ್ನ ಮಾನ ಉಳಿಸಿದ್ರಿ. ಬೇರೆ ಮನೆ ಮಾಡ್ತೀರಂತೆ, ಮಗಳು ಹೇಳಿದ್ಲು. ಇಂಥ ಅಳಿಯನ್ನ ಬಿಟ್ಟುಕೊಡ್ತೀನಾ? ಮಹಡಿ ಮೇಲೆ ನಿಮಗೇ ಅಂತ ರೂಮು ಕಟ್ಟಿಸ್ತೀನಿ!"

ಅಳಿಯನ ಎದೆಯೂ ತುಂಬಿ ಬಂತು. ಆದರೂ ಮೆಲ್ಲಗೆ ಕೇಳಿದ: "ಬಚ್ಚಲು, ಮಾವ?"

"ಅದ್ಯಾಕೆ? ಕೆಳಗೆ ಇದೆಯಲ್ಲ!"