ಪಾಸಾದ ಆಲೂಗಡ್ಡೆ

ಎರಡು ಆಲೂಗಡ್ಡೆಗಳಲ್ಲಿ ಒಂದನ್ನು ಬೇಯಿಸಿ ತಂದದ್ದೇ ಜೀವಶಾಸ್ತ್ರದ ಮೇಷ್ಟ್ರು ಮಾಡಿದ ಎಡವಟ್ಟು.

ಶಾಲೆಯಲ್ಲಿ ಖಾಯಂ ಹುದ್ದೆ ಖಾಲಿ ಇದ್ದದ್ದು ಒಂದೇ, ಅದೂ ವಿಜ್ಞಾನದ್ದು. ತಾತ್ಕಾಲಿಕವಾಗಿ ಜೋತಾಡುತ್ತಿದ್ದವರು ಇಬ್ಬರು, ಇವರು ಮತ್ತು ಡ್ರಿಲ್ ಮೇಷ್ಟ್ರು. ತನಗಲ್ಲದೆ ಇನ್ಯಾರಿಗೆ ಸಿಗುತ್ತದೆ ಎಂದು ಇವರು ಹೆಂಡತಿಯ ಮುಂದೆ ಕೊಚ್ಚಿಕೊಂಡಿದ್ದರು. ಆಕೆ ತವರಿಗೆಲ್ಲ ಸುದ್ದಿ ಮುಟ್ಟಿಸಿಯೂ ಆಗಿತ್ತು. ಮಧ್ಯಾಹ್ನ ತನಿಖಾಧಿಕಾರಿ ಬಂದು ಪಾಠ ನೋಡಿ ಹೂಂ ಎನ್ನುವುದಷ್ಟೇ ಬಾಕಿ.

ಜೀವಕೋಶದೊಳಗೆ ನೀರು ಹೇಗೆ ನುಗ್ಗುತ್ತದೆ ಎಂದು ತೋರಿಸುವ ಪಾಠ. ಬೆಳಿಗ್ಗೆಯೇ ಎರಡೂ ಆಲೂಗಡ್ಡೆಗಳ ಹೊಟ್ಟೆ ಕೊರೆದು, ತಳದ ಸಿಪ್ಪೆ ಹೆರೆದು, ಒಳಗೆ ಒಂದಿಷ್ಟು ಸಕ್ಕರೆ ಪಾಕ ಸುರಿದು, ನೀರಿನ ತಟ್ಟೆಗಳಲ್ಲಿ ಕೂರಿಸಿದರು. ಹಸಿಯದರ ಕೋಶಗಳು ಜೀವಂತ. ಅವುಗಳ ಪೊರೆ ನೀರನ್ನು ಒಳಗೆ ಬಿಡುತ್ತದೆ, ಸಕ್ಕರೆಯನ್ನು ಹೊರಗೆ ಬಿಡುವುದಿಲ್ಲ. ಹಾಗಾಗಿ ಗುಂಡಿ ತುಂಬುತ್ತದೆ. ಬೆಂದದ್ದು ಸತ್ತದ್ದು, ಕಾವಲುಗಾರನಿಲ್ಲದ ಗೇಟಿನಂತೆ, ಅದರ ಗುಂಡಿ ತುಂಬುವುದಿಲ್ಲ. ತುಂಬಬಾರದು ಕೂಡ.

ಊಟದ ಹೊತ್ತಿಗೆ ಎಲ್ಲವೂ ಅಂದುಕೊಂಡಂತೆಯೇ ನಡೆದಿತ್ತು. ಅಷ್ಟರಲ್ಲಿ ಹೆಡ್ ಮೇಡಂ ಬಂದರು. ಅವರ ಕಾಲದಲ್ಲಿ ಆ ಶಾಲೆಯಲ್ಲಿ ಒಬ್ಬರೂ ಫೇಲಾದದ್ದಿಲ್ಲ. ಅದು ಹೇಗೆಂದು ಪರೀಕ್ಷಾ ಕೊಠಡಿಯ ಗೋಡೆಗಳಿಗೆ ಮಾತ್ರ ಗೊತ್ತು.

"ಇದ್ಯಾಕೆ ಹಿಂದೆ ಬಿದ್ದಿದೆ?"

"ಅದು ಬೆಂದಿರೋದು ಮೇಡಂ. ಅದು ತುಂಬಬಾರದು, ಆಗಲೇ ಪ್ರಯೋಗ ಸರಿ ಅಂತ ಅರ್ಥ."

"ಫೇಲಾಗ್ಲಿ ಅಂತಾನೇ ಒಂದನ್ನ ಇಟ್ಟಿದ್ದೀರಾ? ನಮ್ಮ ಸ್ಕೂಲಲ್ಲಿ?"

ಮೇಷ್ಟ್ರು ಕೈಮುಗಿದು, ಇದು ವಿಜ್ಞಾನ ಎಂದು ಅಂಗಲಾಚಿ ಅವರನ್ನು ಸಾಗಹಾಕಿದರು. ಆದರೆ ಸುದ್ದಿ ಸ್ಟಾಫ್ ರೂಮು ತಲುಪಿತು. ಗಣಿತದವರು ಬಂದು ಸಮಾಧಾನ ಹೇಳಿದರು. ಭಾಷೆಯವರು ತಟ್ಟೆ ಬದಲಾಯಿಸಿ ನೋಡಿ ಎಂದರು. ಡ್ರಿಲ್ ಮೇಷ್ಟ್ರು ಬೆಂದ ಆಲೂಗಡ್ಡೆಯನ್ನು ಸೋತ ಆಟಗಾರನನ್ನು ನೋಡುವಂತೆ ನೋಡಿ ನಿಟ್ಟುಸಿರು ಬಿಟ್ಟರು.

ಗೇಟಿನಲ್ಲಿ ಕಾರು ನಿಂತ ಸದ್ದಾಯಿತು. ಜೀವಶಾಸ್ತ್ರದ ಮೇಷ್ಟ್ರು ಸ್ವಾಗತಕ್ಕೆ ಓಡಿ, ತನಿಖಾಧಿಕಾರಿಯನ್ನು ಕರೆದುಕೊಂಡು ಬಂದು ನೋಡುತ್ತಾರೆ, ಎರಡು ಗುಂಡಿಗಳೂ ಅಂಚಿನವರೆಗೆ ತುಂಬಿವೆ.

ತನಿಖಾಧಿಕಾರಿ ಹೆಂಗಸು ಕನ್ನಡಕ ಏರಿಸಿ, ಎರಡನೆಯದನ್ನು ಬೆರಳಿನಿಂದ ಒತ್ತಿದರು. ಬೆರಳು ಒಳಗೇ ಹೋಯಿತು.

"ಬೆಂದ ಆಲೂಗಡ್ಡೆ ಹೀಗೆ ತುಂಬೋದಿಲ್ಲ. ನಾನೂ ಜೀವಶಾಸ್ತ್ರ ಓದಿದವಳೇ," ಎಂದರು.

ಮೇಷ್ಟ್ರಿಗೆ ಕಣ್ಣಲ್ಲಿ ನೀರೇ ಬಂತು. ಈ ಕಟ್ಟಡದೊಳಗೆ ಕೊನೆಗೂ ತಿಳಿದವರೊಬ್ಬರು ಕಾಲಿಟ್ಟಿದ್ದರು. ಆ ನೀರು ತಾನು ಸುರಿದದ್ದಲ್ಲ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟರು.

"ಹಾಗಾದ್ರೆ ಯಾರು ಸುರಿದಿದ್ದು?"

ಡ್ರಿಲ್ ಮೇಷ್ಟ್ರು ಎದೆ ಸೆಟೆಸಿ ಮುಂದೆ ಬಂದರು. "ನಾನು ಮೇಡಂ. ಪಾಪ, ಅದೊಂದೇ ಹಿಂದೆ ಉಳಿದಿತ್ತು."

ತನಿಖಾಧಿಕಾರಿ ಅವರನ್ನು ಮೇಲಿಂದ ಕೆಳಗೆ ನೋಡಿ, ಹೆಡ್ ಮೇಡಂ ಜೊತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಜೀವಶಾಸ್ತ್ರದ ಮೇಷ್ಟ್ರಿಗೆ ಒಳಗೊಳಗೇ ಕನಿಕರವಾಯಿತು, ಪಾಪ ಆ ಮನುಷ್ಯನ ಕೆಲಸ ಹೋಯಿತಲ್ಲ ಎಂದು.

ಬಾಗಿಲು ತೆರೆಯಿತು. ಖಾಯಂ ಆದದ್ದು ಡ್ರಿಲ್ ಮೇಷ್ಟ್ರು.

"ಪಾಠ ಯಾರು ಬೇಕಾದ್ರೂ ಓದಿ ಕಲೀತಾರೆ. ನಮ್ಮ ಇಲಾಖೆ ಕೇಳೋದು ಫಲಿತಾಂಶ," ಎಂದರು ತನಿಖಾಧಿಕಾರಿ. "ಸತ್ತದ್ದನ್ನೂ ಪಾಸು ಮಾಡಿಸೋ ಇಂಥವರು ಸಿಗೋದು ಅಪರೂಪ. ನೀವು ಡ್ರಿಲ್ ನೋಡ್ಕೊಳ್ಳಿ, ತಾತ್ಕಾಲಿಕವಾಗಿ."

ಕಾರು ಹೋದಮೇಲೆ ಡ್ರಿಲ್ ಮೇಷ್ಟ್ರು ತಮ್ಮ ಸೀಟಿಯನ್ನು ಇವರ ಕೊರಳಿಗೆ ಹಾಕಿ, ಪಕ್ಕದಲ್ಲಿ ಬೆಂಚೆಳೆದು ಕೂತರು.

"ಸಾರ್, ನಾಳೆ ಕ್ಲಾಸಿದೆ. ಈ ಜೀವಕೋಶ ಅಂದ್ರೇನು ಅಂತ ಒಂಚೂರು ಹೇಳಿಕೊಡ್ತೀರಾ?"

ಮೇಷ್ಟ್ರು ಹೇಳಿಕೊಟ್ಟರು.